ಕಪ್ಪೆಯ ಗಾಯಕ್ಕೆ ಅರಿಷಿಣ

ಕಳೆದ ಶ್ರಾವಣದಲ್ಲಿ ನಮ್ಮ ಹಿತ್ತಿಲ ಕೊಳದ ಅಂಚಿನ ಹುಲ್ಲನ್ನು ಸಲಿಕೆಯಿಂದ ಹೆರೆಯುತ್ತಿದ್ದೆವು. ಕಪ್ಪೆಯೊಂದು ನೆಗೆಯಲೆತ್ನಿಸಿ ಮಗ್ಗುಲಾಗಿ ಬಿದ್ದಿತು. ಹಿಂಗಾಲಿನ ತೊಡೆಯಲ್ಲಿ ಬೆರಳಗಲದ ಗಾಯ. ಸಲಿಕೆ ನಮ್ಮ ಕೈಯಲ್ಲಿಯೇ ಇದ್ದಿತು. ಅಂದು ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ, ದಯೆಯನ್ನು ಕುರಿತು ಇದೇ ಅಂಕಣಕ್ಕೆಂದು ನಾಲ್ಕು ಪುಟ ಬರೆದಿಟ್ಟಿದ್ದೆವು. ಆ ಪುಟಗಳು ಇನ್ನೂ ಮೇಜಿನ ಮೇಲೆಯೇ ಇವೆ.

ಗಾಬರಿಯಲ್ಲಿ ಅದನ್ನು ಒಣಗೈಯಿಂದಲೇ ಹಿಡಿದು ತಂದೆವು. ಗಾಯಕ್ಕೆ ಅರಿಷಿಣ ಒತ್ತಿ, ನಲ್ಲಿಯ ನೀರು ತುಂಬಿದ ಬಕೆಟ್ಟಿನಲ್ಲಿ ಬಿಟ್ಟೆವು. ನಮಗೆ ಗಾಯವಾದಾಗ ತಾಯಂದಿರು ಮಾಡುತ್ತಿದ್ದುದು ಅದನ್ನೇ ಅಲ್ಲವೆ?

ನೆರೆಮನೆಯ ನಿವೃತ್ತ ಪಶುವೈದ್ಯರು ಬಂದು ನೋಡಿದವರೇ, "ಶಾಸ್ತ್ರಿಗಳೇ, ಇದು ನಿಮ್ಮ ಮೈಯಲ್ಲ, ಕಪ್ಪೆಯ ಮೈ. ಮೊದಲು ಅರಿಷಿಣ ತೊಳೆಯಿರಿ" ಎಂದರು. ಕಪ್ಪೆಯು ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆ, ತೊಡೆಗಳ ತೆಳುಚರ್ಮದಿಂದಲೇ ಹೀರಿಕೊಳ್ಳುತ್ತದೆ. ಶ್ವಾಸಕೋಶಗಳಿದ್ದರೂ ಉಸಿರಿನ ಒಂದು ಪಾಲು ಆ ಒದ್ದೆ ಚರ್ಮದ ಮೂಲಕವೇ ನಡೆಯುತ್ತದೆ. ಆದುದರಿಂದ ಮೈಗೆ ಹಚ್ಚಿದುದು ಮೈಯೊಳಕ್ಕೂ ಇಳಿಯಬಲ್ಲುದು. ಒಣಗೈ ಚರ್ಮದ ಲೋಳೆಯನ್ನು ಕೀಳುತ್ತದೆ, ನಲ್ಲಿಯ ನೀರಿನ ಕ್ಲೋರಿನ್ ಅದಕ್ಕೆ ಹಾನಿಕರ. ಇನ್ನು, ನಿತ್ರಾಣವಾದ ಕಪ್ಪೆ ಆಳದ ನೀರಿನಲ್ಲಿ ಮುಳುಗಿಯೂ ಸಾಯಬಹುದಂತೆ! ಇದನ್ನು ಕೇಳಿ ನಾವು ಬಕೆಟ್ಟಿನ ಕಡೆ ನೋಡಲಾರದೆ ಹೋದೆವು.

ಕೈಗಳನ್ನು ಕೊಳದ ನೀರಿನಲ್ಲಿ ಚೆನ್ನಾಗಿ ನೆನೆಸಿಕೊಂಡು, ಅದೇ ನೀರಿನಿಂದ ಗಾಯವನ್ನು ತೊಳೆದೆವು. ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲಿ ಒದ್ದೆ ಬಟ್ಟೆ ಹಾಸಿ, ತಳ ತೋಯುವಷ್ಟೇ ನೀರು ಬಿಟ್ಟು, ಗಾಳಿಯಾಡುವಂತೆ ಮುಚ್ಚಿ ನೆರಳಿನಲ್ಲಿಟ್ಟೆವು. ಎಲುಬು ಮುರಿದಿರಲಿಲ್ಲ, ಮುರಿದಿದ್ದರೆ ಚಿಕಿತ್ಸಾಲಯಕ್ಕೇ ಒಯ್ಯಬೇಕಿದ್ದಿತು. ಮೊಮ್ಮಗಳು ಅನ್ನದ ಅಗುಳು ತಂದಳು. ಕಪ್ಪೆಗೆ ಬೇಕಾದುದು ಚಲಿಸುವ ಹುಳುವೆಂದು ತಿಳಿಸಿ, ಬಾಯಿ ಬಿಡಿಸಿ ತಿನ್ನಿಸದಂತೆ ತಡೆದೆವು. ನಿತ್ಯ ನೀರು ಬದಲಿಸುವುದು ಮಾತ್ರ ಅವಳ ಪಾಲಿಗೆ ಬಂದಿತು.

ಅದನ್ನು ಸಾಕಿಕೊಳ್ಳೋಣವೆಂದು ಆಕೆಯ ಹಟ. ಕಾಲುಗಳಿಗಾಗಿ ಕಪ್ಪೆಗಳನ್ನು ಕೊಂದು ಹೊರದೇಶಗಳಿಗೆ ಕಳುಹಿಸುತ್ತಿದ್ದ ವ್ಯಾಪಾರವನ್ನು ನಮ್ಮ ದೇಶ 1987ರಲ್ಲಿ ನಿಷೇಧಿಸಿದ ಕಥೆ ಹೇಳಿದೆವು. ಅವಳಿಗೆ ಅದು ಒಪ್ಪಿಗೆಯಾಗಲಿಲ್ಲ. "ನಾವು ಕೊಲ್ಲುವುದಿಲ್ಲವಲ್ಲ" ಎಂದಳು. ಉತ್ತರ ನಮ್ಮಲ್ಲಿರಲಿಲ್ಲ, ಸಲಿಕೆ ಗೋಡೆಗೆ ಒರಗಿಯೇ ಇದ್ದಿತು.

ಗಾಯದ ಅಂಚು ಕೂಡತೊಡಗಿದಾಗ, ಒಂದು ಮಳೆಯ ಮುಸ್ಸಂಜೆ ಅದೇ ಕೊಳದ ದಡದಲ್ಲಿ ಬಿಟ್ಟೆವು. ಕಾಲನ್ನು ತುಸು ಎಳೆಯುತ್ತ ನೀರಿಗಿಳಿದು ಎಲೆಗಳ ಮರೆಗೆ ಸರಿಯಿತು. ಈಗ ನಾವು ಹುಲ್ಲು ಹೆರೆಯಲು ಹೊರಟಾಗಲೆಲ್ಲ ಮೊಮ್ಮಗಳು ಕೋಲಿನಿಂದ ಹುಲ್ಲನ್ನು ತಟ್ಟುತ್ತ ಮುಂದೆ ನಡೆಯುತ್ತಾಳೆ. "ತಡೀರಿ ಅಜ್ಜಾ, ಇನ್ನೂ ನೋಡಿಲ್ಲ" ಎನ್ನುತ್ತಾಳೆ. ನಾವು ತಡೆಯುತ್ತೇವೆ.