ನಾಯಿಗೊಂದು ಬಿಡಾರ

ಮಗಳ ಮದುವೆಗೆ ಛತ್ರ ಗೊತ್ತಾಯಿತು; ಅಡಿಗೆಯವರು ಒಪ್ಪಿದರು; ಬಸ್ಸಿನ ಏರ್ಪಾಡೂ ಮುಗಿಯಿತು. ಲಗ್ನಪತ್ರಿಕೆಗಳನ್ನೆಲ್ಲ ಹಂಚಿ ದಣಿದು ಬಂದ ರಾತ್ರಿ, ಬಾಗಿಲ ಬಳಿ ಬಾಲವಾಡಿಸುತ್ತ ನಿಂತ ನಾಯಿಯ ಮೇಲೆ ಮನೆಯ ಯಜಮಾನನ ದೃಷ್ಟಿ ಬೀಳುತ್ತದೆ. ಅದುವರೆಗೆ ಯಾರಿಗೂ ಹೊಳೆಯದಿದ್ದ ಪ್ರಶ್ನೆ ಆಗ ಎದ್ದು ನಿಲ್ಲುತ್ತದೆ: ಈ ಆರು ದಿನ ಇದನ್ನು ಎಲ್ಲಿ ಬಿಡುವುದು? ದಾವಣಗೆರೆಯ ವಿದ್ಯಾನಗರದಲ್ಲಾಗಲಿ, ಹರಿಹರದ ಹೊಳೆಯ ಬದಿಯ ಓಣಿಗಳಲ್ಲಾಗಲಿ, ನಾಯಿ ಸಾಕಿದ ಮನೆಗಳಿಗೆ ಈ ಸಂಕಟ ಹೊಸದೇನಲ್ಲ.

ಹಿಂದೆ ಇದೊಂದು ಪ್ರಶ್ನೆಯೇ ಆಗಿರಲಿಲ್ಲ. ತುಂಬಿದ ಮನೆಯಲ್ಲಿ ಎಲ್ಲರೂ ಒಮ್ಮೆಗೇ ಊರು ಬಿಡುವುದೆಂಬುದಿರಲಿಲ್ಲ. ಮಂಡಿನೋವಿನ ಅಜ್ಜಿಯೋ, ಪರೀಕ್ಷೆಗೆ ಓದುವ ಹುಡುಗನೋ ಮನೆಯಲ್ಲಿ ಉಳಿಯುತ್ತಿದ್ದರು. ಈಗ ಗಂಡ ಹೆಂಡತಿ ಇಬ್ಬರೂ ದುಡಿಯುವ, ನಾಲ್ಕೇ ಜನರಿರುವ ಮನೆಗೆ ಬೀಗ ಹಾಕಿದರೆ ಒಳಗೆ ಉಸಿರಾಡುವ ಜೀವವೇ ಇರುವುದಿಲ್ಲ. ಆದುದರಿಂದಲೇ ಹಣ ಪಡೆದು ನಾಯಿಗಳನ್ನು ಇರಿಸಿಕೊಂಡು ನೋಡಿಕೊಳ್ಳುವ ಬೋರ್ಡಿಂಗ್ ಎಂಬ ಕಸುಬು ನಮ್ಮ ನಡುವಿನ ಊರುಗಳಲ್ಲಿಯೂ ತಲೆಯೆತ್ತಿದೆ. ದಾವಣಗೆರೆ ಎಂಬ ಹೆಸರಿಗೆ ಪ್ರಾಣಿಗಳನ್ನು ಕಟ್ಟುವ ದಾವಣಿಯೇ ಮೂಲ, ಕೆರೆಯ ದಂಡೆಯಲ್ಲಿ ದಾರಿಗರ ಕುದುರೆಗಳು ದಣಿವಾರಿಸಿಕೊಳ್ಳುತ್ತಿದ್ದುವು ಎಂದು ಹೇಳುವವರುಂಟು. ಆ ಮಾತು ನಿಜವಾದರೆ, ಪರರ ಪ್ರಾಣಿಗೆ ಒಂದು ರಾತ್ರಿಯ ನೆಲೆ ಕೊಡುವುದು ಈ ಊರಿಗೆ ಹಳೆಯ ವಿದ್ಯೆಯೇ ಸರಿ.

ಕನ್ನಡಿಗನಿಗೆ ನಾಯಿಯ ಮೇಲಿನ ಮಮತೆಯೂ ಇಂದಿನದಲ್ಲ. ಕ್ರಿ. ಶ. 950ರ ಸುಮಾರಿನ ಆತಕೂರಿನ ಶಾಸನವನ್ನು ನೆನೆಯಬಹುದು. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ಗಂಗರ ಬೂತುಗನು ಬೇಕಾದುದನ್ನು ಕೇಳೆಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತುವು. ಮಣಲೇರನು ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟನು. ಇಷ್ಟಕ್ಕೇ ಮುಗಿಯಲಿಲ್ಲ. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿ ಮಾಡಿದ ಪಾಪವೆಲ್ಲ ತಟ್ಟಲಿ ಎಂದು ಶಾಸನ ಕಟ್ಟೆಚ್ಚರಿಕೆ ಕೊಡುತ್ತದೆ. ನೋಡಿಕೊಳ್ಳುವವನು ಕೂಲಿ ಪಡೆದು ಕೆಲಸ ಮರೆತಾನೆಂಬ ಅಂಜಿಕೆ ಸಾವಿರ ವರ್ಷಗಳ ಹಿಂದೆಯೂ ಇತ್ತು! ಇಂದಿನ ಬೋರ್ಡಿಂಗಿನ ಬಾಗಿಲಲ್ಲಿ ಅಂಥ ಶಾಪವನ್ನು ಬರೆಸುವಂತಿಲ್ಲವಾದುದರಿಂದ ಸಾಕಿದವರು ತಮ್ಮ ಕಣ್ಣನ್ನೇ ನಂಬಬೇಕು.

ಮೊತ್ತಮೊದಲನೆಯದಾಗಿ, ಹೇಳಿ ಹೋಗಬಾರದು. ಮೊದಲೇ ತಿಳಿಸಿದ ಭೇಟಿಯಲ್ಲಿ ಯಾವ ಬಿಡಾರವೂ ತೊಳೆದಿಟ್ಟ ತಟ್ಟೆಯಂತೆ ಹೊಳೆಯುತ್ತದೆ. ಅನಿರೀಕ್ಷಿತವಾಗಿ ಮಧ್ಯಾಹ್ನದ ಬಿಸಿಲಿನಲ್ಲಿ ಹೋಗಿ ನಿಂತರೆ ಮೂಗೇ ಅರ್ಧ ತೀರ್ಪು ಕೊಡುತ್ತದೆ. ನಾಯಿಯ ವಾಸನೆ ಇದ್ದೇ ಇರುತ್ತದೆ, ಅದು ದೋಷವಲ್ಲ. ಮೂತ್ರದ ಘಾಟು ಕಣ್ಣು ಕುಕ್ಕಿದರೆ, ಅಥವಾ ಎಲ್ಲವನ್ನೂ ಮುಚ್ಚಿಹಾಕುವಷ್ಟು ಫಿನಾಯಿಲ್ ಸುರಿದಿದ್ದರೆ ಸಂಶಯಪಡಬೇಕು. ಒಳಗೆ ಬರಬೇಡಿ, ನಾಯಿಗಳು ಗಾಬರಿಯಾಗುತ್ತವೆ ಎಂದು ಗೇಟಿನಲ್ಲೇ ತಡೆಯುವ ಜಾಗಕ್ಕೆ ಎರಡನೆಯ ಸಲ ಹೋಗುವ ಅಗತ್ಯವಿಲ್ಲ.

ಅನಂತರ ಮಾಡನ್ನು ನೋಡಬೇಕು. ಏಪ್ರಿಲ್ ಮೇ ತಿಂಗಳುಗಳಲ್ಲಿ ಈ ಸೀಮೆಯ ಬಿಸಿಲು 40 ಡಿಗ್ರಿಯ ಸಮೀಪಕ್ಕೆ ಏರುವುದುಂಟು. ಮನುಷ್ಯನಂತೆ ಮೈತುಂಬ ಬೆವರಿ ತಣಿಯುವ ಅನುಕೂಲ ನಾಯಿಗಿಲ್ಲ; ನಾಲಗೆ ಚಾಚಿ ಏದುವುದೇ ಅದಕ್ಕಿರುವ ಮುಖ್ಯ ದಾರಿ. ತಗಡಿನ ಮಾಡಿನ ಕೆಳಗೆ, ಗಾಳಿಯಾಡದ ಗೂಡಿನಲ್ಲಿ ಅದನ್ನು ಕೂಡಿದರೆ ಒಂದೇ ಮಧ್ಯಾಹ್ನ ಪ್ರಾಣಕ್ಕೆ ಎರವಾಗಬಹುದು. ಚಪ್ಪಟೆ ಮೂತಿಯ ಪಗ್ ಜಾತಿಗೆ ಏದುವುದೂ ಕಷ್ಟ. ಹಿಮದ ನಾಡಿನ ಹಸ್ಕಿಯನ್ನು ದಾವಣಗೆರೆಯ ಸೆಕೆಗೆ ತಂದು ಸಾಕುವವರ ಉತ್ಸಾಹವನ್ನು ಏನೆಂದು ಹೊಗಳೋಣ! ತಂದಾದ ಮೇಲೆ ಅದಕ್ಕೆ ಫ್ಯಾನು, ನೆರಳು, ದಿನವಿಡೀ ತಣ್ಣೀರು ಇರುವ ನೆಲೆಯನ್ನಾದರೂ ಹುಡುಕಬೇಡವೆ?

ಗೋಡೆಯ ಎತ್ತರವೂ ಸಣ್ಣ ಸಂಗತಿಯಲ್ಲ. 2005ರಲ್ಲಿ ಅಂಚೆಚೀಟಿಯ ಮೇಲೇರಿದ ನಮ್ಮ ಮುಧೋಳದ ನಾಯಿ ಕಣ್ಣಿನಿಂದ ಬೇಟೆಯಾಡುವ ಜಾತಿ. ದೂರದಲ್ಲಿ ಏನೋ ಓಡಿದುದು ಕಂಡರೆ ಸಾಕು, ಕರೆದವರ ದನಿ ಅದರ ಕಿವಿಗೆ ಬೀಳುವುದಿಲ್ಲ. ದಾವಣಗೆರೆ ಹರಿಹರಗಳೆರಡನ್ನೂ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಬದಿಯ ಬಿಡಾರಕ್ಕೆ ಇಂಥದನ್ನು ಒಪ್ಪಿಸುವುದಾದರೆ ಒಂದರ ಹಿಂದೆ ಒಂದು ಎರಡು ಬಾಗಿಲುಗಳಿವೆಯೇ ಎಂದು ನೋಡಿಯೇ ಮುಂದಿನ ಮಾತು. ಪಟಾಕಿಯ ಸದ್ದಿಗೆ ಬೆದರಿದ ಸಾಧುನಾಯಿಯೂ ಗೋಡೆ ಹಾರುತ್ತದೆ. ದೀಪಾವಳಿಯಲ್ಲಿ ಊರಿಗೆ ಹೊರಡುವವರು ಇದನ್ನು ಮರೆಯಬಾರದು.

ಎಲ್ಲಕ್ಕಿಂತ ಹೆಚ್ಚಿನ ಅಪಾಯ ಕಣ್ಣಿಗೆ ಕಾಣದ್ದು. ಹತ್ತು ಮನೆಗಳ ನಾಯಿಗಳು ಕೂಡಿದ ಕಡೆ ಹತ್ತು ಮನೆಗಳ ರೋಗಗಳೂ ಕೂಡುತ್ತವೆ. ಕರುಳನ್ನು ಹಿಂಡಿ ರಕ್ತಭೇದಿ ತರುವ ಪಾರ್ವೊ ರೋಗದ ವಿಷಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಬರಿಯ ನೀರು ಹೊಯ್ದರೆ ಹೋಗುವಂಥದಲ್ಲ. ಡಿಸ್ಟೆಂಪರ್, ಇಲಿಜ್ವರ, ಒಂದರಿಂದೊಂದಕ್ಕೆ ಗಾಳಿಯಲ್ಲೇ ದಾಟುವ ಒಣಕೆಮ್ಮು, ಉಣ್ಣೆಗಳಿಂದ ಬಂದು ರಕ್ತವನ್ನು ಕೆಡಿಸುವ ಜ್ವರ, ಹೀಗೆ ಸಾಲು ದೊಡ್ಡದು. ಇವುಗಳ ಪೈಕಿ ಅನೇಕಕ್ಕೆ ಚುಚ್ಚುಮದ್ದುಂಟು. ಆದರೆ ಚುಚ್ಚಿಸಿದ ದಿನವೇ ರಕ್ಷಣೆ ಬರುವುದಿಲ್ಲ. ಎರಡು ವಾರಗಳಾದರೂ ಬೇಕು. ಹೊರಡುವ ಹಿಂದಿನ ದಿನ ಪಶುವೈದ್ಯರಲ್ಲಿಗೆ ಓಡುವುದರಿಂದ ಚೀಟಿಯಲ್ಲಿ ಒಂದು ಮೊಹರು ಬೀಳುತ್ತದೆ, ಅಷ್ಟೆ. ರೇಬೀಸ್ ಚುಚ್ಚುಮದ್ದಿನ ಚೀಟಿಯನ್ನು ಕೇಳದೆಯೇ ನಾಯಿಯನ್ನು ಒಳಗೆ ಬಿಟ್ಟುಕೊಳ್ಳುವ ಬಿಡಾರದವನು ಸರಳ ಮನುಷ್ಯನೆಂದು ಸಂತೋಷಪಡುವವರುಂಟು. ಅವನು ಬೇರೆಯವರನ್ನೂ ಕೇಳಿರುವುದಿಲ್ಲವೆಂಬುದು ಅವರಿಗೆ ಹೊಳೆಯುವುದಿಲ್ಲ.

ರಾತ್ರಿ ಇಲ್ಲಿ ಯಾರು ಮಲಗುತ್ತಾರೆ? ಈ ಒಂದು ಪ್ರಶ್ನೆಗೆ ಬರುವ ಉತ್ತರದಿಂದ ಬಹಳಷ್ಟು ತಿಳಿಯುತ್ತದೆ. ಹಗಲು ನಾಲ್ವರು ಓಡಾಡುತ್ತಿದ್ದು, ಸಂಜೆ ಬೀಗ ಹಾಕಿಕೊಂಡು ಎಲ್ಲರೂ ಮನೆಗೆ ಹೋಗುವುದಾದರೆ, ನಡುರಾತ್ರಿ ಹೊಟ್ಟೆಯುಬ್ಬರಿಸಿ ನರಳುವ ನಾಯಿಯ ದನಿ ಗೋಡೆಗೆ ಕೇಳಿಸಬೇಕು. ಅವಸರಕ್ಕೆ ಕರೆಯುವ ಪಶುವೈದ್ಯರು ಯಾರು, ಅವರು ಎಷ್ಟು ದೂರದಲ್ಲಿದ್ದಾರೆ, ಯಜಮಾನನಿಗೆ ಫೋನು ಸಿಗದಿದ್ದರೆ ಚಿಕಿತ್ಸೆಗೆ ಯಾರು ಒಪ್ಪಿಗೆ ಕೊಡತಕ್ಕದ್ದು ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಸಂಕೋಚದ ಮಾತಲ್ಲ.

ಊಟದ ವಿಷಯದಲ್ಲಿ ಮನೆಯವರ ತಪ್ಪೇ ಹೆಚ್ಚು. ವರ್ಷವೆಲ್ಲ ಮೊಸರನ್ನ ತಿಂದು ಬೆಳೆದ ನಾಯಿಗೆ ಒಂದೇ ದಿನದಲ್ಲಿ ಚೀಲದ ಕಾಳುತಿಂಡಿ ಇಟ್ಟರೆ ಹೊಟ್ಟೆ ಕೆಡುತ್ತದೆ. ರೂಢಿಯ ಆಹಾರವನ್ನೇ ಕಟ್ಟಿ ಕಳುಹಿಸುವುದು ಲೇಸು. ಬಿಟ್ಟುಹೋಗುವ ಪಾಪಪ್ರಜ್ಞೆಯಿಂದ ಹೊರಡುವ ಬೆಳಿಗ್ಗೆ ಬೆಣ್ಣೆ ದೋಸೆಯನ್ನು ತಿನ್ನಿಸುವ ತಾಯಂದಿರೂ ಉಂಟು. ದಾವಣಗೆರೆಯ ಕೀರ್ತಿ ಮನುಷ್ಯರ ನಾಲಗೆಗೆ ಸಲ್ಲಲಿ. ಅಷ್ಟು ಜಿಡ್ಡು ನಾಯಿಯ ಮೇದೋಜೀರಕ ಗ್ರಂಥಿಗೆ ಉರಿಯೂತ ತಂದೀತು. ಜೊತೆಗಿನ ಪಲ್ಯದ ಈರುಳ್ಳಿಯಂತೂ ಅದರ ರಕ್ತಕ್ಕೇ ವಿಷ.

ಇಷ್ಟೆಲ್ಲ ಸರಿಯಿದ್ದರೂ ಎಲ್ಲ ನಾಯಿಗಳಿಗೂ ಬಿಡಾರ ಒಗ್ಗುವುದಿಲ್ಲ. ಹನ್ನೆರಡು ವರ್ಷದ, ಕಣ್ಣು ಮಬ್ಬಾದ ಮುದಿನಾಯಿಗೆ ಮನೆಯ ಗೋಡೆಗಳ ಗುರುತೇ ಅರ್ಧ ದೃಷ್ಟಿ. ಅದನ್ನು ಎತ್ತಿಕೊಂಡು ಹೋಗಿ ಹೊಸ ಜಾಗದಲ್ಲಿಡುವುದಕ್ಕಿಂತ, ಪರಿಚಯದ ಹುಡುಗನೊಬ್ಬ ಎರಡು ಹೊತ್ತು ಬಂದು ರಾತ್ರಿ ಅಲ್ಲಿಯೇ ಮಲಗುವುದು ಮೇಲು. ಹರಿಹರದವರಿಗೆ ದಾವಣಗೆರೆಯಲ್ಲಿ, ದಾವಣಗೆರೆಯವರಿಗೆ ಹರಿಹರದಲ್ಲಿ ನೆಂಟರಿಲ್ಲದ ಮನೆ ಅಪರೂಪ. ನಡುವಣ ದೂರ ಹದಿನಾಲ್ಕು ಕಿಲೋಮೀಟರಿನ ಆಸುಪಾಸು. ನಾಯಿಯನ್ನು ಮೊದಲೇ ನಾಲ್ಕು ಸಲ ಕರೆದುಕೊಂಡು ಹೋಗಿ ರೂಢಿಮಾಡಿಸಿದ್ದರೆ ಅತ್ತೆಯ ಮನೆಯ ಹಿತ್ತಿಲೇ ಸಾಕು. ಅತ್ತೆಗೂ ಅದನ್ನು ರೂಢಿಮಾಡಿಸಿರಬೇಕೆಂಬುದು ಬೇರೆ ಮಾತು.

ಬಿಡಾರವೇ ನಿಶ್ಚಯವಾದರೆ ಆರು ದಿನಕ್ಕೆ ಮೊದಲು ಒಂದು ರಾತ್ರಿ ಬಿಟ್ಟು ನೋಡುವುದು ಜಾಣತನ. ಹಾಸಿಗೆಯ ಹಳೆಯ ಹೊದಿಕೆಯೊಂದನ್ನು ಒಗೆಯದೆ ಜೊತೆಗೆ ಕೊಡಬೇಕು. ಮನೆಯವರ ಮೈವಾಸನೆ ಅದರಲ್ಲಿರುತ್ತದೆ. ಬಿಡುವಾಗ ಗೇಟಿನ ಬಳಿ ಕಣ್ಣೀರಿಡುತ್ತ ತಡಮಾಡಿದರೆ ನಾಯಿಯ ಆತಂಕ ಇಮ್ಮಡಿಯಾಗುತ್ತದೆ. ಮೊದಲ ದಿನ ಅದು ಅನ್ನ ಮುಟ್ಟದಿರಬಹುದು. ಎರಡನೆಯ ದಿನವೂ ಮುಟ್ಟದಿದ್ದರೆ ಬಿಡಾರದವನೇ ಫೋನು ಮಾಡಿ ತಿಳಿಸಬೇಕು, ಹಾಗೆಂದು ಮೊದಲೇ ಮಾತಾಗಿರಬೇಕು.

ಮದುವೆ ಮುಗಿಸಿ ಬಂದವರನ್ನು ಕಂಡು ನಾಯಿ ಮೈಮೇಲೆ ಹಾರಬಹುದು, ಇಲ್ಲವೆ ಮುಖ ತಿರುಗಿಸಿ ಕೂರಬಹುದು. ಯಾವುದಾದರೂ ಆಗಲಿ, ಮಂಚ ಹತ್ತಿಸುವ ಮುನ್ನ ಕಿವಿಯ ಒಳಮಗ್ಗುಲನ್ನೂ ಕಾಲ್ಬೆರಳ ಸಂದುಗಳನ್ನೂ ಬಿಡಿಸಿ ಉಣ್ಣೆಗಳಿವೆಯೇ ಎಂದು ನೋಡಬೇಕು. ಮುಂದಿನ ಎರಡು ವಾರ ಕೆಮ್ಮು, ಭೇದಿ, ಜ್ವರಗಳ ಕಡೆಗೆ ಗಮನವಿರಲಿ.