ಮರದ ಬೇರಿಂಗು: ಅವಮಾನವೋ, ಸ್ವಾವಲಂಬನವೋ?

ತಿರುಗುವ ವಸ್ತುವೆಲ್ಲವೂ ತಿರುಗದ ಒಂದು ಆಸರೆಯನ್ನು ಬೇಡುವದು. ಬೀಸುವ ಕಲ್ಲಿಗೆ ಗೂಟ, ಹಳೆಯ ಮನೆಯ ಬಾಗಿಲಿಗೆ ತಿರುಗಣಿ, ಬಂಡಿಯ ಗಾಲಿಗೆ ಅಚ್ಚು, ರಾಟಿಯ ಕದಿರಿಗೆ ತೊಗಲಿನ ತುಂಡು, ಇವೆಲ್ಲವುಗಳ ಕೆಲಸವು ಒಂದೇ. ಯಂತ್ರ ಬಲ್ಲವರು ಈ ಆಸರೆಗೆ ಬೇರಿಂಗು ಎನ್ನುವರು. ಹೆಸರು ಹೊರಗಿನಿಂದ ಬಂದಿತು; ವಸ್ತುವು ಮಾತ್ರ ನಮ್ಮ ಹಿತ್ತಿಲಿನದು.

ಹೀಗಿದ್ದರೂ ಇಂದು ನಮ್ಮ ಸೀಮೆಯಲ್ಲಿ ನಡೆಯುತ್ತಿರುವದೇನು? ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಚೀಲಗಳನ್ನು ಹೊರುವ ಕೈಗಾಡಿಯಾಗಲಿ, ಹಾವೇರಿಯ ಸುತ್ತಲಿನ ಹೊಲಗಳಲ್ಲಿ ಗೋವಿನಜೋಳದ ಕಾಳು ಬಿಡಿಸುವ ಕೈಯಂತ್ರವಾಗಲಿ, ರಾಣೀಬೆನ್ನೂರು ತಾಲೂಕಿನ ತುಮ್ಮಿನಕಟ್ಟಿಯ ನೇಕಾರನ ಮನೆಯಲ್ಲಿ ನೂಲು ಸುತ್ತುವ ರಾಟೆಯಾಗಲಿ, ಒಂದು ಬೇರಿಂಗು ಸವೆಯಿತೆಂದರೆ ಕೆಲಸವು ಅಲ್ಲಿಯೇ ನಿಲ್ಲುವದು. ಪೇಟೆಗೆ ಹೋಗಬೇಕು, ಅದೇ ಅಳತೆಯ ಬೇರಿಂಗನ್ನು ಹುಡುಕಬೇಕು, ಸಿಕ್ಕುದು ಅಸಲೋ ನಕಲಿಯೋ ತಿಳಿಯದು. ಸುಗ್ಗಿಯಲ್ಲಿ ಎರಡು ದಿವಸ ಯಂತ್ರ ನಿಂತರೆ ಬಡವನಿಗಾಗುವ ಹಾನಿಯು ಬೇರಿಂಗಿನ ಬೆಲೆಗಿಂತ ಹೆಚ್ಚಿನದು. ಇತ್ತ ಅದೇ ಊರಿನಲ್ಲಿ, ಒಂದು ಕಾಲಕ್ಕೆ ಬಂಡಿಯ ಗಾಲಿಯನ್ನು ಕಟ್ಟಿದ ಬಡಿಗನು ಕೆಲಸವಿಲ್ಲದೆ ಕುಳಿತಿರುವನು. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿರೆಂದು ನಾವು ವಾಚಕರನ್ನು ಕೇಳಿಕೊಳ್ಳುವೆವು. ನಿಧಾನವಾಗಿ ತಿರುಗುವ ಇಂಥ ಯಂತ್ರಗಳಿಗೆ ಎಣ್ಣೆ ಕುಡಿಸಿದ ಮರದ ಬೇರಿಂಗು ಸಾಕಾಗುವದು. ಅದನ್ನು ಊರ ಬಡಿಗನೇ ಮಾಡಬಲ್ಲನು. ಇದು ನಮ್ಮ ವಾದ.

ಇದನ್ನು ಕೇಳಿದೊಡನೆ ಕೆಲವು ವಿದ್ಯಾವಂತರು ನಗುವರು. “ಜಗತ್ತು ಆಕಾಶಕ್ಕೆ ಹಾರುತ್ತಿರುವಾಗ ನೀವು ನಮ್ಮನ್ನು ಮರದ ಯುಗಕ್ಕೆ ಎಳೆಯುವಿರಾ?” ಎಂದು ಕೇಳುವರು. ಅವರು ಒಂದಿಷ್ಟು ತಾಳ್ಮೆಯಿಂದ ಕೇಳಲಿ. ಅಮೇರಿಕೆಯ ಸಸ್ಕ್ವೆಹಾನಾ ನದಿಗೆ ಕೊನೊವಿಂಗೊ ಎಂಬಲ್ಲಿ ೧೯೨೮ರಲ್ಲಿ ಕೆಲಸವಾರಂಭಿಸಿದ ದೊಡ್ಡ ಜಲವಿದ್ಯುತ್ ಕೇಂದ್ರದ ಯಂತ್ರಗಳಿಗೆ ಲಿಗ್ನಮ್ ವೈಟೀ ಎಂಬ ಮರದ ಬೇರಿಂಗುಗಳನ್ನೇ ಕೂಡಿಸಿದರು. ಸಮುದ್ರದ ಹಡಗುಗಳ ಹಿಂಬದಿಯ ಅಚ್ಚುಗಳು ಎಷ್ಟೋ ದಶಕಗಳ ಕಾಲ ಇದೇ ಮರದ ಆಸರೆಯಲ್ಲಿ ತಿರುಗಿದವು. ಅಷ್ಟು ದೂರವೇಕೆ? ನಮ್ಮ ಒಕ್ಕಲಿಗನ ಕೊಳವೆಬಾವಿಯೊಳಗೆ ಮುಳುಗಿ ನೀರೆತ್ತುವ ಪಂಪುಗಳನ್ನೇ ನೋಡಿರಿ. ಅವುಗಳಲ್ಲಿ ಅನೇಕವು ರಬ್ಬರಿನ ಬಳೆಗಳಲ್ಲಿಯೂ ಇಂಗಾಲದ ಬಿಲ್ಲೆಯ ಮೇಲೆಯೂ ತಿರುಗುವವು. ಅವಕ್ಕೆ ನೀರೇ ಎಣ್ಣೆ. ಅಂದ ಮೇಲೆ ಉಕ್ಕಿನ ಗುಂಡುಗಳಿಲ್ಲದ ಬೇರಿಂಗು ಹಿಂದುಳಿದುದೆಂದು ಯಾರು ಹೇಳಿದರು? ಕೆಲಸಕ್ಕೆ ತಕ್ಕ ವಸ್ತುವನ್ನು ಆರಿಸುವದೇ ಯಂತ್ರಶಾಸ್ತ್ರ.

ನಮ್ಮ ಹಿರಿಯರು ಈ ವಿವೇಕವನ್ನು ಬಲ್ಲವರಾಗಿದ್ದರು. ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಕೀಲೆಣ್ಣೆಯನ್ನು ಮಾಡಿ, ಬಂಡಿಯ ಕೆಳಗೆ ಬಿದಿರಿನ ಗೊಟ್ಟದಲ್ಲಿ ತೂಗಹಾಕಿಕೊಂಡು ದೂರದ ಸಂತೆಗಳಿಗೆ ಹೋಗಿಬರುತ್ತಿದ್ದರು. ಸ್ವಾತಂತ್ರ್ಯದ ಹೋರಾಟವಾದರೂ ನಡೆದುದು ಯಾವ ಯಂತ್ರದ ಮೇಲೆ? ರಾಟಿಯ ಮೇಲೆ. ಅದರ ಕದಿರು ತಿರುಗುತ್ತಿದ್ದುದು ತೊಗಲಿನ ತುಂಡಿನಲ್ಲಿ, ಅದಿಲ್ಲದಲ್ಲಿ ಹೆಣೆದ ಹುಲ್ಲಿನಲ್ಲಿ. ಕಾಸಿನ ಖರ್ಚಿಲ್ಲ, ಸವೆದರೆ ಮನೆಯವರೇ ಬದಲಿಸುವರು. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ೧೯೩೦ರಲ್ಲಿ ಗಾಂಧೀಜಿಯವರೊಡನೆ ದಾಂಡಿಗೆ ನಡೆದರು. ಆ ಯಾತ್ರಿಕರಿಗೆ ಪ್ರತಿದಿನದ ನೂಲುವಿಕೆಯು ವ್ರತವಾಗಿತ್ತು. ೧೯೪೩ರ ಏಪ್ರಿಲ್ ೧ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿ ಅವರು ಹುತಾತ್ಮರಾದರು. ಅಂಥವರ ನೆಲದಲ್ಲಿ ಸ್ವಾವಲಂಬನದ ಮಾತಿಗೆ ನಾಚಿಕೆಯೇತಕ್ಕೆ?

ಆದರೆ ಭಾವನೆಯಿಂದ ಗಾಲಿಯು ತಿರುಗಲಾರದು. ಗಾಂಧೀಜಿಯವರಿಗೆ ಇದು ಚೆನ್ನಾಗಿ ತಿಳಿದಿತ್ತು. ೧೯೨೯ರಲ್ಲಿ ಅಖಿಲ ಭಾರತ ಚರಕಾ ಸಂಘವು ಉತ್ತಮ ರಾಟಿಯೊಂದಕ್ಕೆ ಒಂದು ಲಕ್ಷ ರೂಪಾಯಿಗಳ ಬಹುಮಾನವನ್ನು ಸಾರಿತು. ಅದರ ಕರಾರುಗಳು ಇಂದಿಗೂ ಓದತಕ್ಕವಾಗಿವೆ. ಬೆಲೆಯು ೧೫೦ ರೂಪಾಯಿಗಳನ್ನು ಮೀರಬಾರದು. ಎಂಟು ತಾಸುಗಳಲ್ಲಿ ೧೬,೦೦೦ ಅಡಿ ನೂಲು ಬರಬೇಕು. ಇಪ್ಪತ್ತು ವರುಷ ಬಾಳಬೇಕು. ವರುಷದ ದುರಸ್ತಿಯು ಬೆಲೆಯ ನೂರಕ್ಕೆ ಐದರೊಳಗೆ ಇರಬೇಕು. ಬಹುಮಾನವು ಯಾರಿಗೂ ಸಲ್ಲಲಿಲ್ಲ. ಸ್ವದೇಶಿಯೆಂಬ ಒಂದೇ ಕಾರಣಕ್ಕೆ ಅರೆಬೆಂದ ಯಂತ್ರವನ್ನು ಅವರು ಒಪ್ಪಲಿಲ್ಲ. ಮರದ ಬೇರಿಂಗನ್ನೂ ನಾವು ಇದೇ ಒರೆಗಲ್ಲಿಗೆ ಹಚ್ಚಬೇಕು.

ಮಾಡುವ ಕ್ರಮವು ಹೀಗಿದೆ. ಬಂಡಿಯ ಗಾಲಿಗೆ ನಮ್ಮ ಬಡಿಗರು ಆರಿಸುತ್ತ ಬಂದ ಕರಿಜಾಲಿಯಂಥ ಗಟ್ಟಿಮರದಲ್ಲಿ, ಗಂಟೂ ಬಿರುಕೂ ಇಲ್ಲದ ತುಂಡನ್ನು ತೆಗೆದುಕೊಳ್ಳಬೇಕು. ತೂತಿನ ಉದ್ದವು ಅಚ್ಚಿನ ದಪ್ಪದ ಎರಡರಷ್ಟಾದರೂ ಇರಬೇಕು; ತೂತಿನ ಸುತ್ತಲಿನ ಮರವು ಅಚ್ಚಿನ ದಪ್ಪದಷ್ಟಾದರೂ ಇರಬೇಕು. ಅಂದರೆ ೨೫ ಮಿಲಿಮೀಟರಿನ ಅಚ್ಚಿಗೆ ೫೦ ಮಿಲಿಮೀಟರು ಉದ್ದದ, ೭೫ ಮಿಲಿಮೀಟರು ಚೌಕದ ತುಂಡು ಬೇಕು. ತೂತನ್ನು ತುಸು ಕಿರಿದಾಗಿ ಕೊರೆದು, ತುಂಡನ್ನು ಎಣ್ಣೆಯಲ್ಲಿ ಮುಳುಗಿಸಿ ಸಣ್ಣ ಉರಿಯಲ್ಲಿ ಕಾಯಿಸಬೇಕು. ಮರದೊಳಗಿನ ತೇವವು ಆವಿಯಾಗಿ ಗುಳ್ಳೆಯೇಳುವದು. ಗುಳ್ಳೆಗಳು ನಿಂತ ಮೇಲೆ ಉರಿಯನ್ನು ತೆಗೆದು, ತುಂಡನ್ನು ಎಣ್ಣೆಯಲ್ಲಿಯೇ ಆರಗೊಡಬೇಕು. ಇದರಲ್ಲಿಯೇ ಗುಟ್ಟಿದೆ. ತಣಿಯುವಾಗ ಒಳಗಿನ ಆವಿಯು ನೀರಾಗಿ ಕುಗ್ಗಿ, ಬರಿದಾದ ನಾಳಗಳು ಎಣ್ಣೆಯನ್ನು ಹೀರಿಕೊಳ್ಳುವವು. ಅವಸರಪಟ್ಟು ಬಿಸಿಯಲ್ಲಿಯೇ ಹೊರತೆಗೆದರೆ ಅವು ಹೀರುವದು ಬರಿಯ ಗಾಳಿಯನ್ನು. ಕಾಯಿಸುವಾಗ ಮರವು ಕುಗ್ಗುವದರಿಂದ ಕೊನೆಯ ಅಳತೆಗೆ ತೂತನ್ನು ಮತ್ತೆ ಕೊರೆಯತಕ್ಕದ್ದು.

ಎಣ್ಣೆಯ ವಿಷಯದಲ್ಲಿ ಎಚ್ಚರಿಕೆ ಬೇಕು. ನಮ್ಮ ಸೀಮೆಯ ಅಗಸೆ, ಕುಸುಬಿ ಎಣ್ಣೆಗಳು ಗಾಳಿಗೆ ಒಣಗಿ ಅಂಟಾಗುವ ಜಾತಿಯವು. ಅವು ಅಡಿಗೆಗೆ ಒಳ್ಳೆಯವಾದರೂ ಅಚ್ಚಿಗೆ ಶತ್ರುಗಳು. ವಾಹನಗಳಿಂದ ಬಸಿದ ಕರಿಎಣ್ಣೆಯಲ್ಲಿ ಲೋಹದ ಪುಡಿಯಿರುವದು. ಹೊಸ ಯಂತ್ರದೆಣ್ಣೆಯೇ ಮೇಲು. ಪಾತ್ರೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಉಕ್ಕಿ ಬೆಂಕಿಗೆ ಬಿದ್ದರೆ ಅನಾಹುತವಾದೀತು. ಅಚ್ಚು ನುಣುಪಾಗಿರಬೇಕು, ತುಕ್ಕು ಹಿಡಿದ ಅಚ್ಚು ಅರದಂತೆ ಮರವನ್ನು ತಿಂದುಬಿಡುವದು. ಧೂಳು ಹೊಗದಂತೆ ಮರೆಯೂ ಬೇಕು.

ಇನ್ನು ಇದರ ಮಿತಿಯನ್ನು ಮುಚ್ಚಿಡಲಾಗದು. ೨೫ ಮಿಲಿಮೀಟರಿನ ಅಚ್ಚು ನಿಮಿಷಕ್ಕೆ ೧೦೦ ಸುತ್ತು ತಿರುಗಿದರೆ ಅದರ ಮೈಯು ಸೆಕೆಂಡಿಗೆ ಸುಮಾರು ೧೩ ಸೆಂಟಿಮೀಟರು ಉಜ್ಜುವದು. ಅದನ್ನೇ ವಿದ್ಯುತ್ ಮೋಟಾರಿಗೆ ನೇರವಾಗಿ ಜೋಡಿಸಿ ೧,೪೪೦ ಸುತ್ತು ತಿರುಗಿಸಿದರೆ ಸೆಕೆಂಡಿಗೆ ಸುಮಾರು ೧೮೮ ಸೆಂಟಿಮೀಟರು. ಭಾರವು ಅಷ್ಟೇ ಇದ್ದರೆ, ಉಜ್ಜುವ ವೇಗವು ಹೆಚ್ಚಿದಂತೆ ಶಾಖವೂ ಹೆಚ್ಚುವದು. ಮರವು ಶಾಖವನ್ನು ಹೊರಗೆ ಸಾಗಿಸಲಾರದು. ಆದ್ದರಿಂದ ಹಿಟ್ಟಿನ ಗಿರಣಿ, ಬ್ಯಾಡಗಿಯ ಖಾರ ಕುಟ್ಟುವ ಯಂತ್ರ, ಮೋಟಾರಿನ ರಾಶಿಯಂತ್ರ ಇವುಗಳಿಗೆ ಮರದ ಬೇರಿಂಗನ್ನು ಹಾಕಕೂಡದು. ಅಲ್ಲಿ ಅಚ್ಚು ಕಳಚಿದರೆ ಹೋಗುವದು ಹಣವಲ್ಲ, ಆಳಿನ ಕೈ. ಉಳಿತಾಯದ ಹೆಸರಿನಲ್ಲಿ ಬಡವನ ಪ್ರಾಣದೊಡನೆ ಆಟವಾಡಲು ನಾವು ಒಪ್ಪಲಾರೆವು.

ಯಾವದಕ್ಕೆ ಸರಿ, ಯಾವದಕ್ಕೆ ಬೇಡ ಎಂಬದನ್ನು ನಿರ್ಣಯಿಸುವವರಾರು? ಇಲ್ಲಿ ಒಂದು ಹಳೆಯ ನೆನಪು ಬರುವದು. ೧೯೪೧ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಕಾರಖಾನೆಯು ಹುಟ್ಟಿ ಲೇಥುಗಳನ್ನು ಮಾಡತೊಡಗಿತು. ತುಂಗಭದ್ರೆಯ ಈಚೆಯ ದಡಕ್ಕೆ ರಾಣೀಬೆನ್ನೂರು ತಾಲೂಕು. ಆಚೆಯದು ಮೈಸೂರು ಸಂಸ್ಥಾನ, ಈಚೆಯದು ಮುಂಬಯಿ ಪ್ರಾಂತ. ಒಂದೇ ನುಡಿಯಾಡುವ ಜನರ ನಡುವೆ ಹೊಳೆಯೇ ಗಡಿಯಾಗಿತ್ತು. ೧೯೫೬ರ ನವೆಂಬರ್ ೧ರಂದು ಆ ಗಡಿಯು ಅಳಿಯಿತು. ಆ ಕಾರಖಾನೆಯೂ ಈಗ ಮುಚ್ಚಿದೆ. ಆದರೆ ಲೇಥಿನ ಮನೆಗೂ ಬಡಿಗನ ಮನೆಗೂ ನಡುವಿನ ಹೊಳೆಯು ಇನ್ನೂ ಬತ್ತಿಲ್ಲ. ಓದಿದವನಿಗೆ ಮರದ ಗುಣ ತಿಳಿಯದು. ಮರವನ್ನು ಬಲ್ಲವನಿಗೆ ಲೆಕ್ಕ ತಿಳಿಯದು. ನಾಡು ಒಂದಾಯಿತು, ಕೈಯೂ ಬುದ್ಧಿಯೂ ಒಂದಾಗಲಿಲ್ಲ!

ಆದುದರಿಂದ ನಮ್ಮ ಬೇಡಿಕೆಯು ಸಣ್ಣದು, ಸ್ಪಷ್ಟವಾದುದು. ಹಾವೇರಿಯ ಸರಕಾರಿ ಇಂಜಿನಿಯರಿಂಗ್ ಕಾಲೇಜೂ ಜಿಲ್ಲೆಯ ಕೈಗಾರಿಕಾ ತರಬೇತಿ ಕೇಂದ್ರಗಳೂ ಒಂದು ವರುಷದ ಮಟ್ಟಿಗೆ ಇದನ್ನು ಕೈಕೊಳ್ಳಲಿ. ಜಾಲಿ, ತೇಗ, ಮತ್ತಿ ಮೊದಲಾದ ಮರಗಳ ಬೇರಿಂಗುಗಳನ್ನು ಮಾಡಿಸಿ, ಎಷ್ಟು ಭಾರಕ್ಕೆ, ಎಷ್ಟು ಸುತ್ತಿಗೆ, ಎಷ್ಟು ತಾಸು ಬಾಳುವವೆಂದು ಪರೀಕ್ಷಿಸಿ, ಫಲವನ್ನು ಅಚ್ಚಗನ್ನಡದಲ್ಲಿ ಒಂದು ಹಾಳೆಯ ಮೇಲೆ ಮುದ್ರಿಸಿ ಪ್ರತಿಯೊಂದು ಗ್ರಾಮಪಂಚಾಯತಿಗೆ ಹಂಚಲಿ. ಪರೀಕ್ಷೆಗೆ ಬಡಿಗರನ್ನು ಕೂಲಿಯಾಳುಗಳೆಂದು ಕರೆಯದೆ ಗುರುಗಳೆಂದು ಕರೆದು ಸಂಭಾವನೆಯನ್ನು ಕೊಡಲಿ. ಮರವು ಸೋತರೆ ಸೋತಿತೆಂದೇ ಬರೆಯಲಿ. ಆ ಸೋಲೂ ಜ್ಞಾನವೇ.

ಬಡಿಗನ ಉಳಿಯು ತುಕ್ಕು ಹಿಡಿಯುವ ಮೊದಲೇ ಈ ಕೆಲಸವಾಗಬೇಕು. ಒಮ್ಮೆ ಕೈಬಿಟ್ಟ ಕಸಬನ್ನು ಯಾವ ಪೇಟೆಯಲ್ಲಿಯೂ ಕೊಂಡು ತರಲಾಗದು. ಮಹಾಜನರೇ, ಮುಂದಿನ ಸುಗ್ಗಿಯಲ್ಲಿ ನಿಮ್ಮ ಗಾಡಿ ನಿಂತಾಗ ಪೇಟೆಯ ದಾರಿ ಹಿಡಿಯುವ ಮೊದಲು ಒಂದು ಸಲ ಬಡಿಗನ ಅಂಗಳಕ್ಕೆ ಹೋಗಿ ಕೇಳಿರಿ.