ಸದ್ದು ಮಾಡದ ಕೈ

ಪಾಶ್ಚಾತ್ಯ ವಾದ್ಯವೃಂದದ ಕಛೇರಿಯನ್ನು ಮೊದಲ ಬಾರಿ ಕಂಡ ನಮ್ಮವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಎತ್ತರದಲ್ಲಿ ನಿಂತು ಕಡ್ಡಿಯಾಡಿಸುವ ಆ ಮನುಷ್ಯ ಮಾಡುವುದಾದರೂ ಏನು? ಪ್ರಶ್ನೆ ಸಹಜವಾದುದೇ. ನಮ್ಮ ಕಛೇರಿಯಲ್ಲಿ ಹಾಡುವವರೇ ತಾಳ ಹಾಕುತ್ತಾರೆ. ಪಿಟೀಲಿನವರೂ ಮೃದಂಗದವರೂ ಅವರ ಕೊರಳನ್ನು ಅನುಸರಿಸಿ ನಡೆಯುತ್ತಾರೆ. ಅಲ್ಲಿಯಾದರೋ, ನೂರು ಮಂದಿ ನುಡಿಸುತ್ತಿರುವಾಗ ಒಬ್ಬನ ಕೈ ಮಾತ್ರ ಯಾವ ಸದ್ದನ್ನೂ ಮಾಡದು. ಆ ಸಂಜೆಯ ಕೀರ್ತಿಯ ಬಹುಪಾಲು ಸಲ್ಲುವುದು ಮಾತ್ರ ಅವನಿಗೇ. ಈ ವಿಚಿತ್ರ ಅಧಿಕಾರದ ಸ್ವರೂಪವನ್ನು ಅರಿಯಬೇಕಾದರೆ, ಸ್ವರ ಹುಟ್ಟಿಸುವ ಕೆಲಸವನ್ನೂ ಹುಟ್ಟಿಸುವವರನ್ನು ನಡೆಸುವ ಕೆಲಸವನ್ನೂ ಜೀವಮಾನವಿಡೀ ಜೊತೆಯಲ್ಲೇ ಮಾಡಿಕೊಂಡು ಬಂದ ಡೇನಿಯಲ್ ಬರೆನ್‌ಬಾಯ್ಮ್ ಅವರ ಬಾಳನ್ನು ನೋಡಬೇಕು.

ಅವರು ಹುಟ್ಟಿದ್ದು 1942ರಲ್ಲಿ, ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದ ಯಹೂದಿ ಮನೆತನದಲ್ಲಿ. ತಂದೆ ತಾಯಿಯರಿಬ್ಬರೂ ಪಿಯಾನೋ ಶಿಕ್ಷಕರು. ಮೊದಲ ಕಛೇರಿ ಏಳನೆಯ ವಯಸ್ಸಿನಲ್ಲಿ; 1952ರಲ್ಲಿ ಕುಟುಂಬ ಇಸ್ರೇಲಿಗೆ ಹೋಯಿತು. 1954ರ ಬೇಸಿಗೆಯಲ್ಲಿ ಸಾಲ್ಸ್‌ಬರ್ಗಿನಲ್ಲಿ ಮಾರ್ಕೆವಿಚ್ ಅವರ ಬಳಿ ನಿರ್ದೇಶನ ಕಲಿಯಲು ಬಂದಿದ್ದ ಈ ಹುಡುಗನ ವಾದನವನ್ನು ಹಿರಿಯ ನಿರ್ದೇಶಕ ಫುರ್ಟ್‌ವೆಂಗ್ಲರ್ ಕೇಳಿದರು. ಕೇಳಿ, ಬರ್ಲಿನ್ ಫಿಲ್‌ಹಾರ್ಮೋನಿಕ್‌ನೊಡನೆ ನುಡಿಸಲು ಕರೆದರು. ತಂದೆ ಒಪ್ಪಲಿಲ್ಲ. ಯುದ್ಧವೂ ಯಹೂದಿಗಳ ನರಮೇಧವೂ ಮುಗಿದು ಒಂಬತ್ತೇ ವರ್ಷ. ಯಹೂದಿ ಮಗುವೊಂದು ಬರ್ಲಿನ್ನಿನಲ್ಲಿ ನುಡಿಸುವ ಕಾಲ ಇನ್ನೂ ಬಂದಿಲ್ಲವೆಂದರು. ಈ ನಿರಾಕರಣೆ ನನ್ನ ದೃಷ್ಟಿಯಲ್ಲಿ ಆ ಕರೆಗಿಂತ ದೊಡ್ಡದು. ಸ್ವರಕ್ಕೂ ಅದು ಕೇಳಿಬರುವ ಊರಿಗೂ ಸಂಬಂಧವಿದೆಯೆಂಬ ಪಾಠ ಹನ್ನೊಂದರ ಹುಡುಗನಿಗೆ ದೊರೆತದ್ದು ತಂದೆಯ ಒಂದು ‘ಬೇಡ’ದಿಂದ. ಅದೇ ನಗರದ ರಾಜ್ಯ ಸಂಗೀತನಾಟಕ ಮಂದಿರದ ಸಂಗೀತ ನಿರ್ದೇಶಕರಾಗಿ ಅವರು 1992ರಿಂದ ಮೂರು ದಶಕ ದುಡಿದರು.

ಪಿಯಾನೋದಿಂದ ನಿರ್ದೇಶನಕ್ಕೆ ಹೋಗುವುದನ್ನು ಗುಮಾಸ್ತರಿಗೆ ಬಡ್ತಿ ಬಂದಂತೆ ಎಣಿಸುವವರುಂಟು. ಅದು ಸರಿಯಲ್ಲ. ಪಿಯಾನೋದ ಸ್ವರ ಸುತ್ತಿಗೆಯ ಪೆಟ್ಟಿನಿಂದ ಹುಟ್ಟಿ, ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ. ಪಿಟೀಲಿನ ಕಮಾನಿನಂತೆ ಅದನ್ನು ಹಿಡಿದು ಬೆಳೆಸಲು ಬಾರದು. ಸಾಯುತ್ತಿರುವ ಸ್ವರಗಳನ್ನು ಪೋಣಿಸಿ ಹಾಡುತ್ತಿರುವ ಭ್ರಮೆಯನ್ನು ತರುವುದೇ ಆ ವಾದಕನ ವಿದ್ಯೆ. ಹತ್ತು ಬೆರಳುಗಳಿಂದ ನಾಲ್ಕಾರು ಧ್ವನಿಗಳನ್ನು ಒಟ್ಟಿಗೆ ನಡೆಸುವವನು ಕುಳಿತಲ್ಲೇ ಅರ್ಧ ನಿರ್ದೇಶಕನಾಗಿರುತ್ತಾನೆ. ಬರೆನ್‌ಬಾಯ್ಮ್ ಅವರು ಇಂಗ್ಲಿಷ್ ಚೇಂಬರ್ ಆರ್ಕೆಸ್ಟ್ರಾದೊಡನೆ ಮೊಜಾರ್ಟನ ಪಿಯಾನೋ ಕನ್ಸರ್ಟೋಗಳನ್ನು ಧ್ವನಿಮುದ್ರಿಸಿದ್ದು ವಾದ್ಯದ ಮುಂದೆ ಕುಳಿತು, ತಾವೇ ನಿರ್ದೇಶಿಸುತ್ತ. ಇದು ಮೊಜಾರ್ಟನ ಕಾಲದ ರೂಢಿಯೇ. ಎರಡು ಕೈಗಳೂ ಕೀಲಿಮಣೆಯ ಮೇಲಿರುವಾಗ ಕಡ್ಡಿಯಾಡಿಸುವವರು ಯಾರು? ತಲೆಯ ಒಂದು ತೂಗು, ಬಿಡುವಾದ ಎಡಗೈಯ ಒಂದು ಸನ್ನೆ. ಉಳಿದುದನ್ನೆಲ್ಲ ಮೇಳದವರು ಕಿವಿಯಿಂದಲೇ ತಿಳಿಯಬೇಕು. ನಮ್ಮ ಪಕ್ಕವಾದ್ಯದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

1967ರಲ್ಲಿ ಅವರು ಬೀಥೋವನನ ಐದೂ ಪಿಯಾನೋ ಕನ್ಸರ್ಟೋಗಳನ್ನು ಎಂಬತ್ತೆರಡರ ಕ್ಲೆಂಪರರ್ ಅವರ ನಿರ್ದೇಶನದಲ್ಲಿ ಲಂಡನ್ನಿನ ನ್ಯೂ ಫಿಲ್‌ಹಾರ್ಮೋನಿಯಾದೊಡನೆ ಮುದ್ರಿಸಿದರು. ಆ ಮೇಳ ಫಿಲ್‌ಹಾರ್ಮೋನಿಯಾ ಎಂಬ ಮೊದಲ ಹೆಸರಿನಲ್ಲಿ ಇನ್ನೂ ಬೇರೂರುತ್ತಿದ್ದಾಗ ಹಣ ಕೊಟ್ಟು ಪೋಷಿಸಿದವರು, ಸ್ವತಃ ಪಿಯಾನೋ ಬಲ್ಲವರಾದ ನಮ್ಮ ಮೈಸೂರಿನ ಜಯಚಾಮರಾಜ ಒಡೆಯರು, ಇದನ್ನು ಮರೆಯಲಾಗದು. ಅದೇ ವರ್ಷ ಬರೆನ್‌ಬಾಯ್ಮ್ ಚೆಲ್ಲೋ ವಾದಕಿ ಜಾಕ್ವೆಲಿನ್ ದು ಪ್ರೇ ಅವರನ್ನು ಮದುವೆಯಾದರು. 1973ರ ವೇಳೆಗೆ ಆಕೆಯ ಬೆರಳುಗಳು ನರರೋಗಕ್ಕೆ ತುತ್ತಾದವು, 1987ರಲ್ಲಿ ಆಕೆ ತೀರಿಕೊಂಡರು. ಪ್ಯಾರಿಸ್, ಷಿಕಾಗೋ ಮೇಳಗಳ ಹಿರಿತನ ಬಂದು ಹೋಯಿತು. 1989ರಲ್ಲಿ ಬರ್ಲಿನ್ ಗೋಡೆ ತೆರೆದ ಮೂರನೆಯ ದಿನ, ಪೂರ್ವ ಜರ್ಮನಿಯವರಿಗೆಂದೇ ಉಚಿತವಾಗಿ ಏರ್ಪಡಿಸಿದ ಕಛೇರಿಯಲ್ಲಿ ಅವರು ಬೀಥೋವನನ ಮೊದಲನೆಯ ಕನ್ಸರ್ಟೋವನ್ನು ತಾವೇ ನುಡಿಸಿ, ಏಳನೆಯ ಸಿಂಫನಿಯನ್ನು ನಿರ್ದೇಶಿಸಿದರು. ಜೊತೆಗಿದ್ದುದು ತಂದೆ ಒಲ್ಲೆನೆಂದಿದ್ದ ಅದೇ ಫಿಲ್‌ಹಾರ್ಮೋನಿಕ್.

ಸದ್ದು ಮಾಡದ ಕೈಗೆ ಎಷ್ಟು ಅಧಿಕಾರ ಸಲ್ಲುತ್ತದೆ? 2001ರ ಜುಲೈಯಲ್ಲಿ ಜೆರುಸಲೇಮಿನಲ್ಲಿ, ಉತ್ಸವದವರು ವಾಗ್ನರನ ಕೃತಿಯನ್ನು ಕಾರ್ಯಕ್ರಮದಿಂದ ತೆಗೆಸಿದ್ದರು. ಗೊತ್ತಾಗಿದ್ದ ಕೃತಿಗಳು ಮುಗಿದ ಮೇಲೆ ಬರೆನ್‌ಬಾಯ್ಮ್ ಸಭೆಯತ್ತ ತಿರುಗಿ, ವಾಗ್ನರನನ್ನು ಕೇಳುವಿರಾ ಎಂದು ಕೇಳಿದರು. ಅರ್ಧ ಗಂಟೆ ವಾಗ್ವಾದವಾಯಿತು. ಕೆಲವರು ಬಾಗಿಲು ಬಡಿದು ಹೊರನಡೆದರು. ಉಳಿದವರು ‘ಟ್ರಿಸ್ಟಾನ್’ ಕೇಳಿದರು. ಕೇಳಿ ನುಡಿಸಿದರಲ್ಲ ಎಂದು ಮೆಚ್ಚುವವರಿದ್ದಾರೆ. ಆದರೆ ಮರಣ ಶಿಬಿರದಿಂದ ಬದುಕಿ ಬಂದವರ ನೋವು ಸಭೆಯ ಬಹುಮತದಿಂದ ತೀರತಕ್ಕದ್ದಲ್ಲ. ತಂದೆಗಿದ್ದ ಸಂಕೋಚ ಆ ರಾತ್ರಿ ಮಗನಿಗಿರಲಿಲ್ಲವೆಂದೇ ನನ್ನ ಅನಿಸಿಕೆ.

ಅದೇ ಧೈರ್ಯ ಇನ್ನೊಂದೆಡೆ ಸಾರ್ಥಕವಾಯಿತು. 1999ರಲ್ಲಿ ವೈಮಾರ್‌ನಲ್ಲಿ, ಪ್ಯಾಲೆಸ್ಟೀನ್ ಮೂಲದ ವಿದ್ವಾಂಸ ಎಡ್ವರ್ಡ್ ಸೈದ್ ಅವರೊಡನೆ ಅರಬ್ ಹಾಗೂ ಇಸ್ರೇಲಿ ತರುಣರ ಮೇಳವೊಂದನ್ನು ಕಟ್ಟಿದರು. ಅದರ ಹೆಸರು ವೆಸ್ಟ್-ಈಸ್ಟರ್ನ್ ಡಿವಾನ್. ತಂತಿವಾದ್ಯದವರಲ್ಲಿ ಇಬ್ಬರಿಗೆ ಒಂದೇ ಸ್ವರಲಿಪಿಯ ಹಲಗೆ. ಒಬ್ಬ ನುಡಿಸುವುದನ್ನು ನಿಲ್ಲಿಸಿ ಹಾಳೆ ಮಗುಚುವಾಗ ಇನ್ನೊಬ್ಬ ನುಡಿಸುತ್ತಿರಬೇಕು. ಶತ್ರುದೇಶದವನ ಕೈ ಹಾಳೆ ತಿರುವುವುದನ್ನು ನಂಬಿ ಕುಳಿತ ಹುಡುಗರು ಅವರು. 2005ರಲ್ಲಿ ಈ ಮೇಳ ರಾಮಲ್ಲಾದಲ್ಲಿ ನುಡಿಸಿತು. ಹೋಗಿಬರಲು ಸ್ಪೇನ್ ಸರ್ಕಾರ ರಾಜತಾಂತ್ರಿಕ ರಹದಾರಿ ಕೊಡಬೇಕಾಯಿತು. ಇದರಿಂದ ಯುದ್ಧ ನಿಲ್ಲಲಿಲ್ಲ. ಪಿಟೀಲಿನಿಂದ ಅದನ್ನು ನಿರೀಕ್ಷಿಸುವುದೂ ತರವಲ್ಲ.

2019ರಲ್ಲಿ ಬರ್ಲಿನ್ನಿನ ಕೆಲವು ವಾದಕರು ಅವರ ಗದರಿಕೆಯ ರೀತಿಯನ್ನು ಬಹಿರಂಗವಾಗಿ ದೂರಿದರು. ಅವರು ಆರೋಪವನ್ನು ಒಪ್ಪಲಿಲ್ಲ. ಸಂಸ್ಥೆ ಅವರ ಅವಧಿಯನ್ನು ಮುಂದುವರಿಸಿತು. ಕಿವಿಯಿಂದ ನಡೆಸುವುದನ್ನು ಬಲ್ಲವರ ಮೇಲೂ ಇಂಥ ದೂರು ಬಂದಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ.

2022ರಲ್ಲಿ ನರಸಂಬಂಧದ ಕಾಯಿಲೆ ತೀವ್ರವಾಗಿ, 2023ರ ಜನವರಿಯಲ್ಲಿ ಅವರು ಬರ್ಲಿನ್ನಿನ ಹುದ್ದೆಯನ್ನು ಬಿಟ್ಟರು. ಅದು ಪಾರ್ಕಿನ್ಸನ್ ರೋಗವೆಂದು 2025ರಲ್ಲಿ ತಾವೇ ತಿಳಿಸಿದರು. ಈ ನಡುವೆ, 2024ರ ಬೇಸಿಗೆಯಲ್ಲಿ ಡಿವಾನ್ ಮೇಳದ ಮುಂದೆ ಬಂದು ಕುಳಿತು ನಿರ್ದೇಶಿಸಿದರು. ಕೈಯ ಚಲನೆ ಬಹಳ ಕಡಿಮೆಯಾಗಿತ್ತು.